ಕಾವಳದಲ್ಲಿ ಓಗೊಟ್ಟವರು

ಯಳಂದೂರಿನಲ್ಲಿ ಬಸ್ಸಿಳಿದಾಗ ಬಿಸಿಲು ಏರಿತ್ತು. ಮೈಸೂರಿನಿಂದ ಹೊರಟು ಸಂತೇಮರಹಳ್ಳಿಯಲ್ಲಿ ಬಸ್ಸು ಬದಲಿಸಿ, ಕಬ್ಬು ತುಂಬಿದ ಲಾರಿಯೊಂದರ ಹಿಂದೆ ತೆವಳುತ್ತ ಬಂದಿದ್ದೆ. ನಾಗಮಣಿ ಅಕ್ಕ ಬಸ್ ನಿಲ್ದಾಣಕ್ಕೇ ಬಂದು ನಿಂತಿದ್ದಳು. ಹೆಗಲಲ್ಲಿ ಬಟ್ಟೆಯ ಚೀಲ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ನನ್ನ ಕಣ್ಣು ಶೂ ಮೇಲೆ ಹೋದದ್ದನ್ನು ನೋಡಿ, "ಮತ್ತಿನ್ನೇನು, ಬೆಟ್ಟ ಹತ್ತೋಕೆ ಹವಾಯಿ ಚಪ್ಪಲಿ ಹಾಕ್ಕೊಂಡು ಬರ್ಲಾ?" ಎಂದಳು. ಮನೆಗೆ ಕರೆಯಲಿಲ್ಲ. ಕೊಳ್ಳೇಗಾಲದ ಬಸ್ಸು ಎದುರಿಗೇ ಇತ್ತು, ಹತ್ತಿದೆವು.

ನಾಗಮಣಿ ಅಕ್ಕ ನನ್ನ ಗೆಳೆಯ ಪ್ರಸಾದನ ಅಕ್ಕ. ಯಳಂದೂರು ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್. ಪ್ರಸಾದ ಮತ್ತು ನಾನು ಕೊಳ್ಳೇಗಾಲದಲ್ಲಿ ಪಿಯುಸಿ ಓದುವಾಗ ಇದೇ ದಾರಿಯ ಬಸ್ಸಿನಲ್ಲಿ ದಿನಾ ನೇತಾಡಿಕೊಂಡು ಹೋಗುತ್ತಿದ್ದೆವು. ಆಮೇಲೆ ಅವನು ವಿಮಾನ ಓಡಿಸುವುದನ್ನು ಕಲಿತ, ಇನ್ನೂ ಆಮೇಲೆ ಅದನ್ನು ಕಲಿಸುವವನಾದ. ಹೋದ ಚಳಿಗಾಲದಲ್ಲಿ, ಸೂರ್ಯ ಹುಟ್ಟುತ್ತಿದ್ದಂತೆ ಹೊರಟಿದ್ದ ಅವನ ಎರಡು ಸೀಟಿನ ತರಬೇತಿ ವಿಮಾನ ಬಿಳಿಗಿರಿರಂಗನ ಬೆಟ್ಟಸಾಲಿನ ಹನೂರು ಕಡೆಯ ಮಗ್ಗುಲಿಗೆ ಬಡಿದು ಬಿತ್ತು. ನೆಲ ಕಣ್ಣಿಗೆ ಕಾಣುವಾಗ ಮಾತ್ರ ಹಾರಬೇಕಾದ ವಿಮಾನ ಅದು. ಮಂಜು ತೆಳ್ಳಗಿದೆ, ದಾಟಿದರೆ ಆಚೆ ತಿಳಿಯಾಗಿರುತ್ತದೆ ಎಂದುಕೊಂಡನೋ ಏನೋ, ಒಳಗೆ ಹೊಕ್ಕದ್ದು ಹೊರಗೆ ಬರಲಿಲ್ಲ. ಪ್ರಸಾದ ಸತ್ತ. ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ನಾಗಪುರದ ಶ್ರದ್ಧಾ ಎಂಬ ಹುಡುಗಿ, ಎರಡೂ ಕಾಲು ಮತ್ತು ದವಡೆ ಮುರಿದುಕೊಂಡು, ಬದುಕಿದಳು.

ಯಳಂದೂರಿನಲ್ಲಿ ಅಕ್ಕನ ಮನೆಯ ತಾರಸಿಯಿಂದ ಆ ಬೆಟ್ಟ ದಿನವೂ ಕಾಣುತ್ತದೆ. ಆದರೆ ಅದು ಈಚೆ ಮಗ್ಗುಲು. ತಮ್ಮ ಬಿದ್ದದ್ದು ಆಚೆ. ಒಂದು ವರ್ಷ ಅವಳು ಬಟ್ಟೆ ಒಣಹಾಕುವಾಗೆಲ್ಲ ಆ ಬೆಟ್ಟದ ಬೆನ್ನನ್ನೇ ನೋಡಿದ್ದಾಳೆ. ನಮ್ಮ ಪ್ರಯಾಣ ಇಷ್ಟೇ: ಬೆಟ್ಟವನ್ನು ಸುತ್ತು ಹಾಕಿ ಆಚೆ ಹೋಗುವುದು.

ಕಂಡಕ್ಟರ್ ಅಕ್ಕನ ಆಧಾರ್ ನೋಡಿ ಅವಳಿಗೆ ಉಚಿತ ಟಿಕೆಟ್ಟು ಹರಿದ, ನನ್ನಿಂದ ದುಡ್ಡು ತೆಗೆದುಕೊಂಡ. ಅವಳು ಕಿಟಕಿಯ ಪಕ್ಕ ಕೂತಿದ್ದಳು ಎಂದು ಬರೆಯಲು ಹೊರಟೆ. ಆದರೆ ಬಿಸಿಲು ನನ್ನ ಕೆನ್ನೆಯ ಮೇಲೆ ಬಿದ್ದದ್ದೂ ನೆನಪಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ಗೊತ್ತಿಲ್ಲದ್ದರಿಂದ ಎರಡನ್ನೂ ಇಟ್ಟಿದ್ದೇನೆ.

ದಾರಿಯಲ್ಲಿ ಅವಳು ನನಗೆ ಫೋನಿನಲ್ಲಿ ಅರ್ಧ ಹೇಳಿದ್ದನ್ನು ಪೂರ್ತಿ ಹೇಳಿದಳು. ದವಡೆ ಕೂಡಿಕೊಂಡು ಮಾತು ಬಂದ ಮೇಲೆ ಶ್ರದ್ಧಾ ಅವಳಿಗೆ ಫೋನು ಮಾಡಿದ್ದಳು. ಬಿದ್ದ ಮೇಲೂ ಸರ್ ಬದುಕಿದ್ದರು ಎಂದಳಂತೆ. ಅವರೇ ಕರ್ಚೀಫು ಬಿಚ್ಚಿ ತನ್ನ ತೊಡೆಗೆ ಬಿಗಿದರು. ಆಮೇಲೆ ಕೂಗತೊಡಗಿದರು. ಕೂಗಿದಾಗಲೆಲ್ಲ ಕೆಳಗಿನಿಂದ ಯಾರೋ ಓಗೊಟ್ಟರು. ಬರ್ತಾ ಇದಾರೆ, ಬರ್ತಾ ಇದಾರೆ ಎಂದು ಸರ್ ತನಗೆ ಸನ್ನೆ ಮಾಡಿದರು. ಮತ್ತೆ ಕೂಗಿದರು, ಮತ್ತೆ ಅವರು ಓಗೊಟ್ಟರು. ಯಾರೂ ಬರಲಿಲ್ಲ.

ತನಿಖೆಯವರು ಇದನ್ನು ನಂಬಲಿಲ್ಲ. ತಲೆಗೆ ಪೆಟ್ಟು ಬಿದ್ದವರು ಏನೇನೋ ಕೇಳಿಸಿಕೊಳ್ಳುತ್ತಾರೆ, ಓಗೊಟ್ಟ ಮನುಷ್ಯರು ಬಾರದೆ ಇರುತ್ತಾರೆಯೇ ಎಂದರು. ಮಧ್ಯಾಹ್ನ ಮಂಜು ಹರಿದ ಮೇಲೆ ಕಾಡಿನ ಗಸ್ತಿನವರು ಕಂಡು, ಇಬ್ಬರನ್ನೂ ಮೇಲಿನ ದಾರಿಯಿಂದಲೇ ಸಾಗಿಸಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಅಕ್ಕನ ಭುಜದ ಮೇಲೆ ಕೈಯಿಟ್ಟು, ಪ್ರಾಣ ತಕ್ಷಣ ಹೋಗಿದೆ, ನೋವೇ ಆಗಿಲ್ಲ ಎಂದಿದ್ದರು.

"ಆ ಮಾತನ್ನ ನಾನೇ ಎಷ್ಟು ಮನೆಯೋರಿಗೆ ಹೇಳಿದೀನೋ ಏನೋ," ಎಂದಳು ಅಕ್ಕ. "ಅದಕ್ಕೇ ನಂಬೋಕಾಗಲ್ಲ."

ಅವಳಿಗೆ ಬೇಕಾಗಿದ್ದದ್ದು ಎರಡು ವಿಷಯ. ಯಾರಾದರೂ ಓಗೊಟ್ಟದ್ದು ನಿಜವೇ? ನಿಜವಾದರೆ, ಅವರು ಯಾಕೆ ಬರಲಿಲ್ಲ? ಮೊದಲನೆಯದು ಶ್ರದ್ಧಾಗೂ ಬೇಕಾಗಿತ್ತು. ಮನೆಯವರೂ ವೈದ್ಯರೂ ಅದು ನಿನ್ನ ಭ್ರಮೆ ಎಂದು ಹೇಳಿ ಹೇಳಿ, ಈಗ ಅವಳು ತನ್ನ ಕಿವಿಗಳನ್ನೇ ನಂಬುವುದನ್ನು ಬಿಡುತ್ತಿದ್ದಳು.

ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸಿಗೆ ಕಾಯಬೇಕಾಯಿತು. ನಿಲ್ದಾಣದ ಹೊರಗೆ ಟೀ ಅಂಗಡಿ, ಅದರ ಹಿಂದಿನ ಓಣಿಯಿಂದ ಮಗ್ಗದ ಸದ್ದು. ಬೆಂಚಿನ ಮೇಲೆ ರೇಷ್ಮೆ ಗೂಡು ಮಾರಿ ಬಂದ ಇಬ್ಬರು ರೈತರು ಖಾಲಿ ಚೀಲ ಮಡಚಿಕೊಂಡು ಕೂತಿದ್ದರು. ನಾವು ಬೆಟ್ಟದ ಆಚೆ ಹೋಗುತ್ತಿದ್ದೇವೆಂದು ಅಂಗಡಿಯವನಿಗೆ ನಾನು ಹೇಳಿದ್ದೇ ತಪ್ಪಾಯಿತು. ವಿಮಾನದ ಮಾತು ತಾನಾಗಿ ಶುರುವಾಯಿತು. ಅಂಗಡಿಯವನ ಪ್ರಕಾರ ವಿಮಾನ ಬೆಂಕಿ ಹತ್ತಿಕೊಂಡೇ ಬಿದ್ದಿತ್ತು, ಅವನ ಭಾವಮೈದುನ ಕಣ್ಣಾರೆ ಕಂಡಿದ್ದ. ಬೆಂಕಿ ಹತ್ತಿರಲೇ ಇಲ್ಲ. ಒಬ್ಬ ರೈತ ಎಣ್ಣೆ ಮುಗಿದಿತ್ತಂತೆ ಎಂದ. ಇನ್ನೊಬ್ಬ ಚೀಲದಿಂದ ಮುಖ ಒರೆಸಿಕೊಂಡು ತನ್ನ ಪಾಲು ಸೇರಿಸಿದ.

"ಅದೆಲ್ಲ ಅಲ್ಲ ಕಣ್ಲಾ. ಪೈಲಟ್ಟು ಕುಡುದ್ಬುಟ್ಟಿದ್ನಂತೆ."

ಅಕ್ಕ ಲೋಟವನ್ನು ಬೆಂಚಿನ ಮೇಲಿಟ್ಟಳು. "ಅವನು ಟೀನೂ ಕುಡೀತಿರಲಿಲ್ಲ," ಎಂದು ಯಾರ ಮುಖವನ್ನೂ ನೋಡದೆ ಹೇಳಿ ಬಸ್ಸಿನ ಕಡೆ ನಡೆದಳು. ರೈತ ನನ್ನನ್ನು ನೋಡಿದ. ಆ ಪೈಲಟ್ಟು ಅವರ ತಮ್ಮ ಎಂದೆ. ಅವನು ಎದ್ದು ನಿಂತ. ಏನು ಮಾಡುವುದೆಂದು ತೋಚದೆ ಮತ್ತೆ ಕೂತ.

ಹನೂರಿಗೆ ಕೊಳ್ಳೇಗಾಲದಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಗದ್ದೆ, ತೆಂಗು ಹಿಂದೆ ಸರಿದು ಒಣ ಹೊಲ, ಹುಣಸೆ ಮರ, ಬೋಳು ಗುಡ್ಡ ಬರತೊಡಗಿದವು. ಬಸ್ಸಿನ ತುಂಬ ಮಹದೇಶ್ವರ ಬೆಟ್ಟಕ್ಕೆ ಹೋಗುವವರು. ನಿಂತೇ ಹೋದೆವು. ನಾನು ಕಂಬಿ ಹಿಡಿದುಕೊಂಡು ಪ್ರಸಾದ ಒಮ್ಮೆ ರಜೆಯಲ್ಲಿ ಬಂದಾಗ ಮಾಡಿದ ಆಟವನ್ನು ನೆನೆದೆ. ಅಕ್ಕನ ಮನೆಯ ತಿರುಗುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಮೆಲ್ಲಗೆ ತಿರುಗಿಸಿದ್ದ. ಸ್ವಲ್ಪ ಹೊತ್ತಿಗೆ, ನಿಲ್ಲಿಸಿಬಿಟ್ಟೆಯಲ್ಲ ಎಂದೆ. ಕಣ್ಣು ತೆರೆದರೆ ಕುರ್ಚಿ ಇನ್ನೂ ತಿರುಗುತ್ತಲೇ ಇತ್ತು. ಮೋಡದೊಳಗೆ ಇದೇ ಆಗುವುದು ಎಂದ. ನೆಟ್ಟಗೆ ಹೋಗುತ್ತಿದ್ದೇನೆ ಎಂದು ಮೈಯೆಲ್ಲ ಹೇಳುತ್ತಿರುತ್ತದೆ, ವಿಮಾನ ವಾಲಿಕೊಂಡು ಇಳಿಯುತ್ತಿರುತ್ತದೆ. ಎದುರಿನ ಮೀಟರುಗಳ ಮುಳ್ಳನ್ನು ನಂಬಬೇಕು, ಮೈಯನ್ನಲ್ಲ. ಅಷ್ಟು ಗೊತ್ತಿದ್ದೂ ಅವನು ಯಾಕೆ ಒಳಗೆ ಹೊಕ್ಕ ಎಂದು ಈ ಒಂದು ವರ್ಷದಲ್ಲಿ ನಾನು ಅನೇಕ ಉತ್ತರಗಳನ್ನು ಕಟ್ಟಿದ್ದೇನೆ. ಒಂದೂ ನಿಲ್ಲಲಿಲ್ಲ.

ಹನೂರಿನಲ್ಲಿ ಅಕ್ಕ ತನ್ನ ಜೊತೆ ತರಬೇತಿ ಪಡೆದಿದ್ದ ನರ್ಸೊಬ್ಬರ ಕ್ವಾರ್ಟರ್ಸಿನಲ್ಲಿ ಉಳಿದಳು, ನಾನು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ. ಆ ನರ್ಸು ಲಸಿಕೆ ಹಾಕಲು ಬೆಟ್ಟದ ಬುಡದಲ್ಲಿ ದೊಡ್ಡಿ ಎನ್ನುವ ಪುಟ್ಟ ಊರುಗಳಿಗೆಲ್ಲ ಹೋಗಿಬಂದವರು. ವಿಮಾನ ಬಿದ್ದ ಜಾಗದ ನೇರ ಕೆಳಗೆ ಇರುವುದು ಲೊಕ್ಕನಹಳ್ಳಿ ಕಡೆಯ ರಸ್ತೆಯಿಂದ ಒಳಗೆ ಹೋಗುವ ಕೆಂಚನದೊಡ್ಡಿಯ ಹೊಲಗಳು ಎಂದು ಅವರೇ ಹೇಳಿದ್ದು. ಅಲ್ಲಿಯವರನ್ನು ಕೇಳಿದೆಯಾ ಎಂದು ಅಕ್ಕ ಕೇಳಿದರೆ, ಕೇಳಿದ್ದೆ ಎಂದರಂತೆ. ವಿಮಾನ ಬಿದ್ದದ್ದು ದಿಬ್ಬದ ಆಚೆ, ನಮಗೇನೂ ಗೊತ್ತಿಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿದ್ದರಂತೆ. ಹೊಲದವರು ಸಿಗಬೇಕಾದರೆ ಬೆಳಗಾಗುತ್ತಿದ್ದಂತೆ ಹೋಗಿ, ಬಿಸಿಲು ಬಿದ್ದರೆ ಕಾವಲಿನಿಂದ ಇಳಿದು ಮಲಗಿಬಿಡುತ್ತಾರೆ ಎಂದೂ ಹೇಳಿದರು.

ಮರುದಿನ ಬೆಳಿಗ್ಗೆ ಕೋಣೆಯ ಕಿಟಕಿ ತೆರೆದರೆ ಎದುರಿನ ಅಂಗಡಿಯ ಬೋರ್ಡು ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಈ ಕಡೆಯವರು ಕಾವಳ ಎನ್ನುವ ದಟ್ಟ ಮಂಜು. ಆಟೋದವನು ದೀಪ ಹಾಕಿ, ತಲೆ ಹೊರಗೆ ಚಾಚಿ, ನಡೆಯುವ ವೇಗದಲ್ಲಿ ಹೊರಟ. ದಾರಿ ಕಾಣುತ್ತಿದೆಯೇನಪ್ಪ ಎಂದು ಕೇಳಿದೆ.

"ರೋಡು ನಂಗೊತ್ತು ಸಾ. ರೋಡ್ಗೇ ನಾನ್ ಬತ್ತಿರೋದು ಗೊತ್ತಿಲ್ಲ."

ಅಕ್ಕ ನಕ್ಕಳು. ಆ ಎರಡು ದಿನಗಳಲ್ಲಿ ಅವಳು ನಕ್ಕದ್ದು ಆಗ ಮಾತ್ರ.

ದೊಡ್ಡಿಯ ಕೊನೆಯ ಮನೆಯ ಹತ್ತಿರ ಆಟೋ ನಿಂತಿತು. ಮುಂದೆ ಕಾಲುದಾರಿ. ರಾಗಿ ಕುಯ್ದು ಆಗಿತ್ತು, ಹೊಲಗಳಲ್ಲಿ ಮೆದೆ ಒಟ್ಟಿದ್ದರು. ಮೆದೆಗಳು ಮಂಜಿನಲ್ಲಿ ಮೈ ಮುದುರಿಕೊಂಡು ಕೂತ ಜನರ ಹಾಗೆ ಒಂದೊಂದಾಗಿ ಎದುರಾಗಿ ಹಿಂದೆ ಹೋದವು. ಅಕ್ಕ ಮುಂದೆ, ನಾನು ಹಿಂದೆ. ಕಾಲಿಗೆ ಮುಳ್ಳು ಹೊಕ್ಕು ನಾನು ಬಗ್ಗಿದೆ. ಎದ್ದಾಗ ಅಕ್ಕ ಇರಲಿಲ್ಲ. ಸುತ್ತ ಬಿಳಿ. ಎಡ ಯಾವುದು, ಹತ್ತಬೇಕಾದ್ದು ಯಾವ ಕಡೆ ಎಂಬುದು ನನ್ನೊಳಗೆ ಮೆಲ್ಲಗೆ ಜಾರಿಹೋಯಿತು. ನೆಲದ ಮೇಲೆ ನಿಂತಿದ್ದೆ, ಆದರೂ ಹೆದರಿಕೆಯಾಯಿತು.

ಅಕ್ಕನಿಗೂ ಗೊತ್ತಾಗಿರಬೇಕು. ಎಲ್ಲಿಂದಲೋ ಅವಳು ನನ್ನ ಹೆಸರು ಹಿಡಿದು ಕೂಗಿದಳು.

"ಸೋಮೂ..."

ನಾನು ಬಾಯಿ ತೆರೆದೆ. ನನ್ನ ದನಿ ಹೊರಡುವ ಮೊದಲೇ ಕೆಳಗೆ, ಬಲಗಡೆ, ಒಬ್ಬ ಗಂಡಸು ಓಗೊಟ್ಟ.

"ಓ..."

ಅದರ ಹಿಂದೆಯೇ ಇನ್ನೂ ದೂರದಿಂದ ಮತ್ತೊಬ್ಬ, "ಓ..." 

ನಾನು ದನಿಯ ಜಾಡು ಹಿಡಿದು ಅಕ್ಕನನ್ನು ಮುಟ್ಟಿದಾಗ ಅವಳು ಒಂದು ಬದುವಿನ ಮೇಲೆ ನಿಂತಿದ್ದಳು. ಮುಖ ಬಿಳಿಚಿತ್ತು ಎಂದು ಹೇಳಬಹುದು, ಆದರೆ ಆ ಮಂಜಿನಲ್ಲಿ ಯಾರ ಮುಖವೂ ಹಾಗೇ ಕಾಣುತ್ತಿತ್ತು. ನನ್ನ ತೋಳು ಹಿಡಿದುಕೊಂಡು ಅವಳು ಮತ್ತೊಮ್ಮೆ ಕೂಗಿದಳು. ಈ ಸಲ ನನ್ನ ಹೆಸರಿಲ್ಲ, ಮಾತಿಲ್ಲ, ಬರೀ ದನಿ. ಮತ್ತೆ ಕೆಳಗಿನಿಂದ ಓಗೊಟ್ಟರು. ಅದೇ ಇಬ್ಬರು, ಅದೇ ಸಾವಧಾನದ ದನಿ. ಅಕ್ಕ ಮೂರನೆಯ ಸಲ ಕೂಗಿದಳು, ಮೂರನೆಯ ಸಲವೂ ಅವರು ಓಗೊಟ್ಟರು. ನಾವು ಕಾದೆವು. ಹೆಜ್ಜೆಯ ಸದ್ದಿಲ್ಲ. ಯಾರೂ ಬರಲಿಲ್ಲ.

"ಶ್ರದ್ಧಾ ಸುಳ್ಳು ಹೇಳ್ಲಿಲ್ಲ ಕಣೋ," ಎಂದಳು ಅಕ್ಕ.  

ಹತ್ತಿರದ ದನಿಯ ಕಡೆ ಇಳಿದೆವು. ನಾಲ್ಕು ಕಂಬದ ಮೇಲೆ ಒಂದು ಅಟ್ಟಣೆ, ಮೇಲೆ ನೀಲಿ ಟಾರ್ಪಾಲು, ಕೆಳಗೆ ಹೊಗೆಯಾಡುವ ದಿಮ್ಮಿ. ದಿಮ್ಮಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದವನು ನಮ್ಮನ್ನು ನೋಡಿ ಗಡಬಡಿಸಿ ಎದ್ದ. ಅರವತ್ತರ ಆಸುಪಾಸು. ಕಾಡಿನ ಅಂಚಿನ ಹೊಲ ಅಳೆಯಲು ಬಂದವರೆಂದು ಹೆದರಿದ್ದ. ಅಲ್ಲ, ಯಳಂದೂರಿನವರು, ಬೆಟ್ಟದ ಕಡೆ ಬಂದೆವು, ದಾರಿ ತಪ್ಪಿತು ಎಂದಳು ಅಕ್ಕ. ಅಷ್ಟೂ ನಿಜ. ಅವನು ಸಮಾಧಾನಗೊಂಡು ಕೂರಲು ಗೋಣಿತಾಟು ಹಾಸಿದ, ಕೆಟಲಿನಿಂದ ಬೆಲ್ಲದ ಕಾಪಿ ಬಗ್ಗಿಸಿ ಕೊಟ್ಟ. ಹೆಸರು ಮಾದಪ್ಪ. ಆನೆಗಳು ಮೆದೆ ಎಳೆದುಕೊಂಡು ಹೋಗುವುದರಿಂದ ರಾಗಿ ಒಕ್ಕಣೆಯಾಗುವ ತನಕ ಎಲ್ಲರೂ ಹೊಲದಲ್ಲೇ ಕಾವಲು ಎಂದ.

ನಾನು ಕೂಗಿದೆ, ನೀವು ಓಗೊಟ್ಟಿರಿ, ಆದರೆ ಬರಲಿಲ್ಲವಲ್ಲ ಎಂದು ಅಕ್ಕ ಕೇಳಿದಳು. ಕಾಪಿ ಚೆನ್ನಾಗಿದೆ ಎನ್ನುವಷ್ಟೇ ಹಗುರಾಗಿ ಕೇಳಿದಳು.

ಮಾದಪ್ಪ ನಕ್ಕ. "ಬರೋಕಿಲ್ಲ ಕಣವ್ವ. ಇಲ್ಲಿ ಒಬ್ಬ ಕೂಗುದ್ರೆ ಮಿಕ್ಕೋರು ಓಗೊಡ್ಬೇಕು. ಓಗೊಟ್ರೆ ಎದ್ದಿವ್ನಿ, ಚೆನ್ನಾಗಿವ್ನಿ, ನಿನ್ ಜಾಗ ಬುಟ್ಟು ಬರ್ಬೇಡ ಅಂತ. ಓಗೊಡ್ದೆ ಓದ್ರೆ ಮಾತ್ರ ಆನೆ ಕಾಲ್ಗೆ ಸಿಕ್ಕವ್ನೆ ಅಂತ್ಲೇ. ಆಗ ಎಲ್ರೂ ಎದ್ದುಬಿದ್ದು ಓಡ್ತೀವಿ."

"ಕೂಗಿದವನಿಗೇ ಏನಾದ್ರೂ ಆಗಿದ್ರೆ?"

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಆನೆ ತುಳುದ್ಮೇಲೆ ಯಾರವ್ವ ಕೂಗ್ತಾರೆ? ಕೂಗೋನು ಚೆನ್ನಾಗಿರೋನೇಯ."

ನಾನು ಲೋಟ ಹಿಡಿದುಕೊಂಡು ಕೂತೆ. ಆ ಮಾತು ನನ್ನೊಳಗೆ ಇಳಿಯಲು ಎಷ್ಟು ಹೊತ್ತು ಬೇಕಾಯಿತೋ ತಿಳಿಯದು. ಬೆಟ್ಟದ ಮೇಲೆ ಪ್ರಸಾದ ಕೇಳಿಸಿಕೊಂಡ ಪ್ರತಿಯೊಂದು ಓ ಬರುತ್ತಿದ್ದೇವೆ ಎಂದಾಗಿರಲಿಲ್ಲ. ಬರುವುದಿಲ್ಲ ಎಂದಾಗಿತ್ತು. ಅವನು ಬಾಯಿ ಮುಚ್ಚಿಕೊಂಡಿದ್ದರೂ ಒಂದೇ, ಕೂಗಿದರೂ ಒಂದೇ ಆಗಿತ್ತು. ಕೂಗಿದಷ್ಟೂ ಕೆಳಗಿನವರಿಗೆ ಅವನು ಚೆನ್ನಾಗಿದ್ದ.

ಮಾದಪ್ಪನಿಗೆ ಬೆಳಗಿನ ಹೊತ್ತು ಮಾತಿಗೆ ಜನ ಸಿಕ್ಕಿದ ಖುಷಿ. ಅಕ್ಕ ಏನೂ ಕೇಳದೆಯೇ ಮುಂದುವರಿಸಿದ. ಹೋದ ವರ್ಷ ಮೇಲಿನ ಹೊಲಕ್ಕೆ ಜುಂಜ ಎಂಬ ಹೊಸ ಆಳನ್ನು ಕಾವಲಿಗಿಟ್ಟಿದ್ದರಂತೆ. ಬಯಲು ಸೀಮೆಯವನು, ಆನೆ ನೋಡಿಯೇ ಇಲ್ಲದವನು. ಒಂದು ದಿನ ಕಾವಳದಲ್ಲಿ ಮೇಲಿನಿಂದ ಒಂದೇ ಸಮನೆ ಕೂಗಿದನಂತೆ. ಇವರು ಓಗೊಡುತ್ತಾರೆ, ಅವನು ಮತ್ತೆ ಕೂಗುತ್ತಾನೆ. ಬರೀ ಓ, ಬೇರೆ ಮಾತಿಲ್ಲ.

"ಎದ್ರುಪುಕ್ಲ ಸಾ ಅವ್ನು," ಎಂದು ನನ್ನ ಕಡೆ ತಿರುಗಿದ. "ನಾವೂ ರೇಗುಸುದ್ವಿ. ಲೇ ಜುಂಜ, ನಿನ್ ಎಂಡ್ರನ್ನೂ ಕರ್ಕಂಡ್ ಬರ್ಬೇಕಾಗಿತ್ತು ಕಣ್ಲಾ, ಅವ್ಳ ಸೆರಗಿಡ್ಕಂಡು ಮಲೀಕತಿದ್ದೆ ಅಂತ ಇಲ್ಲಿಂದ್ಲೇ ಕೂಗಿ ಏಳ್ದೆ. ಆ ಕಡೆ ಹೊಲ್ದೋನು ಬಿದ್ದು ಬಿದ್ದು ನಕ್ಕ. ಬಿಸ್ಲು ಬರೋಗಂಟ ಕೂಗ್ತಾನೇ ಇದ್ದ. ಆಮೇಕೆ ನಿಲ್ಸುದ. ಸಂದೇಕೆ ಸಿಕ್ದಾಗ ಕೇಳುದ್ರೆ, ನಾನ್ ಕೂಗೇ ಇಲ್ಲ, ಮಲ್ಗಿದ್ದೆ ಅಂತಾನೆ. ನಾಚ್ಕೆಗೆ ಸುಳ್ಳೇಳ್ತಾವ್ನೆ ಅಂದ್ಕಂಡ್ವಿ."

ಅಕ್ಕ ಲೋಟವನ್ನು ನೆಲದ ಮೇಲಿಟ್ಟಳು. "ಯಾವತ್ತು ಅದು?"

ಮಾದಪ್ಪ ಕಣ್ಣು ಕಿರಿದು ಮಾಡಿ ನೆನೆದ. ಬೆರಳಿನಿಂದ ಬೆಟ್ಟವಿರಬೇಕಾದ ಬಿಳಿಯ ಕಡೆ ತೋರಿಸಿದ.

"ಅದೇ, ಆ ಇಮಾನ ಬಿತ್ತಲ್ಲ, ಅವತ್ತೇ ಬೆಳಿಗ್ಗೆ ಕಣವ್ವ. ಕ್ವಾರಿಲಿ ಮದ್ದು ಆರ್ಸುದಂಗೆ ಒಂದು ಸದ್ದಾಯ್ತು. ಅದಾದ್ಮೇಕೆ ಅವ್ನು ಕೂಗೋಕೆ..."

ಬೆರಳು ಗಾಳಿಯಲ್ಲೇ ನಿಂತಿತು. ಮಾತು ಮುಂದೆ ಹೋಗಲಿಲ್ಲ.

ಒಂದು ವರ್ಷ ಈ ಎರಡನ್ನೂ ಅವನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲವೇ? ವಿಮಾನ ದಿಬ್ಬದ ಆಚೆ ಬಿತ್ತು, ಮೇಲಿನ ದಾರಿಯಿಂದ ಸಾಗಿಸಿದರು, ನಮಗೆ ಸಂಬಂಧವಿಲ್ಲ ಎಂಬುದು ಒಂದು ಕತೆ. ಹೆದರುಪುಕ್ಕಲ ಜುಂಜ ಇನ್ನೊಂದು ಕತೆ. ಎರಡೂ ಅವನ ತಲೆಯಲ್ಲಿ ಬೇರೆ ಬೇರೆ ಗೂಟಕ್ಕೆ ಕಟ್ಟಿದ ದನಗಳಂತೆ ಇದ್ದವೋ, ಅಥವಾ ಅವನು ಬೇಕೆಂದೇ ಹಾಗೆ ಕಟ್ಟಿದ್ದನೋ, ನಾನು ಹೇಳಲಾರೆ. ನಾನು ಕಂಡದ್ದು ಅವನ ಮುಖವನ್ನು ಮಾತ್ರ. ಮೊದಲು ಬಾಯಿ ಹಾಗೇ ತೆರೆದುಕೊಂಡಿತ್ತು. ಆಮೇಲೆ ಅವನು ಅಕ್ಕನನ್ನು ನೋಡಿದ, ಅವಳ ಶೂಗಳನ್ನು ನೋಡಿದ, ಮತ್ತೆ ಅವಳ ಮುಖಕ್ಕೆ ಬಂದ.

"ನೀವು ಯಾರ್ ಕಡೆಯೋರವ್ವ?"

"ಕೂಗ್ತಿದ್ದೋನು ನನ್ನ ತಮ್ಮ," ಎಂದಳು ಅಕ್ಕ. "ಪಕ್ಕೆಲುಬು ಮುರಿದಿದ್ವು. ಮಾತಾಡೋಕೆ ಉಸಿರು ಸಾಲದು. ಅದಕ್ಕೇ ಬರೀ ಓ."

ಮಾದಪ್ಪ ಕುಕ್ಕರಗಾಲಲ್ಲಿ ಕೂತಿದ್ದವನು ಹಿಂದಕ್ಕೆ ಸರಿದು ನೆಲದ ಮೇಲೆ ಕೂತುಬಿಟ್ಟ. ಕಂಬಳಿ ಹೆಗಲಿನಿಂದ ಜಾರಿ ದಿಮ್ಮಿಯ ಕಡೆ ಬಿತ್ತು, ನಾನು ಎಳೆದು ಆಚೆ ಹಾಕಿದೆ.

ಆಗ ಕೂಗು ಬಂತು. ಪಕ್ಕದ ಹೊಲದಿಂದ, ದಿನನಿತ್ಯದ ಕೂಗು. "ಓ..."

ಮಾದಪ್ಪ ಓಗೊಡಬೇಕಾಗಿತ್ತು.  ದನಿ ಬರಲಿಲ್ಲ. ಸ್ವಲ್ಪ ತಡೆದು ಮತ್ತೆ ಕೂಗಿದರು. ಈ ಸಲ ಕೂಗು ಸ್ವಲ್ಪ ಚುರುಕಾಗಿತ್ತು. ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮೂರನೆಯ ಕೂಗು ಕೂಗಾಗಿರಲಿಲ್ಲ, ಹೆಸರಾಗಿತ್ತು. "ಮಾದಣ್ಣಾ..." ಅದೂ ಮಂಜಿನಲ್ಲಿ ಕರಗಿತು.

ನಾನು ಓಗೊಡಬಹುದಿತ್ತು. ಹಾಗನ್ನಿಸಿದ್ದು ಆಗಲೋ, ಇದನ್ನು ಬರೆಯುವಾಗಲೋ.

ಆಮೇಲೆ ಆದದ್ದರಲ್ಲಿ ನನಗೆ ಅನುಮಾನವಿಲ್ಲ. ಮಂಜಿನೊಳಗೆ ಯಾರೋ ಬಾಯಿಂದ ಬಾಯಿಗೆ ಕೂಗು ದಾಟಿಸಿದರು. ಡಬ್ಬ ಬಡಿದರು. ಒಂದು ಪಟಾಕಿ ಸಿಡಿಯಿತು. ಕೂಳೆಯ ಮೇಲೆ ಕಾಲುಗಳು ಬಡಿಯುವ ಸದ್ದು ಬಲದಿಂದ, ಹಿಂದಿನಿಂದ, ಮೇಲಿನಿಂದ ಬಂತು. ಮೊದಲು ಬಂದವನ ಕೈಯಲ್ಲಿ ದೊಣ್ಣೆ, ಕಾಲಲ್ಲಿ ಚಪ್ಪಲಿ ಇಲ್ಲ. ಅವನ ಹಿಂದೆ ಡಬ್ಬ ಹಿಡಿದ ಮುದುಕ. ಕೊನೆಗೆ ಮೇಲಿನ ಹೊಲದಿಂದ ಈ ವರ್ಷದ ಕಾವಲಿನವನು ಬಂದ, ಬದು ಹಾರುವಾಗ ಬಿದ್ದಿರಬೇಕು, ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಕೆಟಲಿನ ಕಾಪಿ ಇನ್ನೂ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಅವರೆಲ್ಲ ಬಂದಾಗಿತ್ತು.

"ಯಾಕಣ್ಣ, ಏನಾಯ್ತು? ಯಾಕ್ ಓಗೊಡ್ನಿಲ್ಲ?" ದೊಣ್ಣೆಯವನು ಏದುಸಿರು ಬಿಡುತ್ತ ಕೇಳಿದ. ಆನೆ ಇಲ್ಲ, ಮಾದಪ್ಪ ಬದುಕಿದ್ದಾನೆ, ಎದುರಿಗೆ ಇಬ್ಬರು ಗುರುತಿಲ್ಲದವರು. ಬೈಯುವುದಕ್ಕೆ ಬಾಯಿ ತೆರೆದವನು ಮಾದಪ್ಪನ ಮುಖ ಕಂಡು ದೊಣ್ಣೆ ಕೆಳಗಿಟ್ಟ.

ಅಕ್ಕ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ಅವರ ಎದೆ ಏರಿಳಿಯುವುದನ್ನು ನೋಡಿದಳು. ಆಮೇಲೆ ಚೀಲದಿಂದ ಹತ್ತಿಯನ್ನೂ ನೀರಿನ ಬಾಟಲಿಯನ್ನೂ ತೆಗೆದು, ಬಿದ್ದು ಬಂದವನನ್ನು ಕೂರಿಸಿ ಅವನ ಮೊಣಕಾಲು ತೊಳೆಯತೊಡಗಿದಳು. ಅವನು ಬೇಡ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ನೀನು ಎಲ್ಲಿಂದ ಓಡಿಬಂದೆ ಎಂದು ಕೇಳಿದಳು. ಕಾಡಿನ ಅಂಚು, ದಿಬ್ಬದ ಬುಡ ಎಂದ. ದಿಬ್ಬದ ಆಚೆ ಎಷ್ಟು ದೂರ ಎಂದಳು. ಆಚೆಯಾ, ಅಲ್ಲೇ, ಹತ್ತಿ ಇಳಿದರೆ ಆಯಿತು ಎಂದ ಅವನು. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಹೇಳಿದವನು ಮಾದಪ್ಪನೇ. ನೆಲ ನೋಡಿಕೊಂಡು, ಎರಡೇ ಮಾತಿನಲ್ಲಿ. ಜುಂಜ ಅವತ್ತು ಕೂಗಿರಲಿಲ್ಲವಂತೆ, ಈ ಅವ್ವನ ತಮ್ಮ ಕೂಗಿದ್ದಂತೆ, ವಿಮಾನದವರು. ಡಬ್ಬದ ಮುದುಕನ ಕೈಯಿಂದ ಡಬ್ಬ ಉರುಳಿ ಇಳಿಜಾರಿನಲ್ಲಿ ಸದ್ದು ಮಾಡುತ್ತ ಹೋಯಿತು. ಬಿದ್ದು ಬಿದ್ದು ನಕ್ಕವನು ಅವನೇ ಎಂದು ನನಗೆ ಆಗ ತಿಳಿಯಿತು. ಯಾರೂ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ.

ಮಾದಪ್ಪ ತಲೆಯೆತ್ತಿದ. "ಬಂದಿದ್ರೆ ಉಳೀತಿದ್ರಾ ಅವ್ವ?"

ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಎಂದು ಇಂಥ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಳು ವೃತ್ತಿಯಲ್ಲಿ ನೂರು ಸಲ ಕೊಟ್ಟವಳು. ನಾನು ಅದಕ್ಕಾಗಿ ಕಾದೆ, ಮಾದಪ್ಪನಿಗಾಗಿ ಕಾದೆ ಎಂದರೂ ಸರಿ. ಅಕ್ಕ ಪಟ್ಟಿಯ ಗಂಟು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿದಳು.

"ಗೊತ್ತಿಲ್ಲ," ಎಂದಳು. "ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು."

ಮಂಜು ಹರಿಯಿತು. ದಿಬ್ಬ ಕಾಣಿಸಿತು, ನಾನು ನಕ್ಷೆಯಲ್ಲಿ ನೋಡಿ ಊಹಿಸಿಕೊಂಡಿದ್ದಕ್ಕಿಂತ ಬಹಳ ಚಿಕ್ಕದು. ಲಂಟಾನ ಬೆಳೆದ ಒಂದು ಗೂನು, ಅಷ್ಟೆ. ಅವರೆಲ್ಲ ಎದ್ದು ನಿಂತು, ಜಾಗ ತೋರಿಸುತ್ತೇವೆ, ಕಾಡಿನವರು ಏನಂದರೂ ಅನ್ನಲಿ ಎಂದರು. ಅಕ್ಕ ದಿಬ್ಬವನ್ನು ನೋಡಿದಳು. ಬೇಡ ಎಂದಳು. ನೋಡುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ ಎಂದು ಅವಳು ಹೇಳಿದಂತೆ ನೆನಪು. ಅವಳು ಹೇಳದೆ ನಾನೇ ಅಂದುಕೊಂಡಿರಲೂಬಹುದು. ಅವರು ನಾಲ್ವರೂ ಆಟೋ ನಿಂತಿದ್ದ ಕಡೆಯ ತನಕ ನಮ್ಮ ಹಿಂದೆ ಬಂದರು.  ಮೆದೆಗಳನ್ನು ಬಿಟ್ಟು ಬಂದಿದ್ದರು.

ಹನೂರಿನಲ್ಲಿ ತಟ್ಟೆ ಇಡ್ಲಿ ತರಿಸಿದೆವು, ಇಬ್ಬರೂ ತಿನ್ನಲಿಲ್ಲ. ಅಕ್ಕ ಹೋಟೆಲಿನ ಹೊರಗೆ ಹೋಗಿ ಶ್ರದ್ಧಾಗೆ ಫೋನು ಮಾಡಿದಳು. ಅವಳ ಹಿಂದಿ ಆಸ್ಪತ್ರೆಯಲ್ಲಿ ಕಲಿತ ಅರೆಬರೆ ಹಿಂದಿ. ನೀನು ಕೇಳಿದ್ದು ನಿಜ ಎಂದಳು. ಓಗೊಟ್ಟವರು ಮನುಷ್ಯರೇ, ನಾನು ಇವತ್ತು ಅವರನ್ನು ನೋಡಿದೆ, ನಿನ್ನ ಕಿವಿ ಸರಿಯಾಗಿದೆ ಎಂದಳು. ಆ ಕಡೆಯಿಂದ ಏನು ಬಂತೋ, ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡಳು. ಹಾಗಾದರೆ ಯಾಕೆ ಬರಲಿಲ್ಲ ಎಂದು ಹುಡುಗಿ ಕೇಳಿರಲೇಬೇಕು. ಅಕ್ಕ ಏನು ಹೇಳಿದಳೋ, ಒಂದು ಲಾರಿ ಹಾದುಹೋಗಿ ನನಗೆ ಕೇಳಿಸಲಿಲ್ಲ. ಅವಳನ್ನು ಕೇಳಲೂ ಇಲ್ಲ.

ಕೊಳ್ಳೇಗಾಲದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಿಸಿಲು ಚೆನ್ನಾಗಿ ಬಿದ್ದು ಬೆಟ್ಟಸಾಲು ಪೂರ್ತಿ ತೆರೆದುಕೊಂಡಿತ್ತು, ಒಂದು ಚೂರು ಮೋಡವಿಲ್ಲ, ಮರಗಳನ್ನು ಎಣಿಸಬಹುದಿತ್ತು. ಇಂಥ ದಿನವಾಗಿದ್ದರೆ ಎಂದು ನಾನು ಹೇಳಹೊರಟು ನಿಲ್ಲಿಸಿದೆ. ಅಕ್ಕ ಬೆಟ್ಟವನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತಿದ್ದಳು, ಉಗುರಿನ ಸಂದಿಯಲ್ಲಿ ಆ ಮೊಣಕಾಲಿನ ಮಣ್ಣು ಹಾಗೇ ಇತ್ತು. ಕೊಳ್ಳೇಗಾಲ ಬರುವವರೆಗೆ ಒಂದೇ ಮಾತು ಆಡಿದಳು.

"ಎಷ್ಟು ಬೇಗ ಬಂದ್ಬಿಟ್ರು ಕಣೋ."